ನಡುಪ್ರಸಂಗಕ್ಕೆ ಬಂದ ಪಾತ್ರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಕಿರವತ್ತಿ)

ಊಟದ ಪಂಕ್ತಿ ಅರ್ಧವಾದ ಮೇಲೆ ಬಂದವನಿಗೆ ಎಲೆ ಹಾಕುವುದು ಕಷ್ಟವಲ್ಲ. ಅನ್ನ ಸಾರುಗಳನ್ನು ಮತ್ತೊಮ್ಮೆ ಬಡಿಸಿದರಾಯಿತು. ಆದರೆ ಕಥೆ ಅರ್ಧವಾದ ಮೇಲೆ ಬಂದವನಿಗೆ ಸ್ಥಳ ಮಾಡಿಕೊಡುವುದು ಅಷ್ಟು ಸುಲಭವಲ್ಲ. ಮೊದಲಿನಿಂದ ಕುಳಿತವರಿಗೆ ತಮ್ಮ ಮಾತು ತುಂಡಾಯಿತೆಂಬ ಅಸಮಾಧಾನ; ಬಂದವನಿಗೆ ತಾನು ಯಾರು, ಏನು ಹೇಳಬೇಕು ಎಂಬ ಗಾಬರಿ; ಕೇಳುವವರಿಗೆ ಇವನೇಕೆ ಬಂದ ಎಂಬ ಅನುಮಾನ. ಈ ಮೂರನ್ನೂ ನಿವಾರಿಸಿ ಹೊಸ ಪಾತ್ರವೊಂದನ್ನು ನಡೆಯುತ್ತಿರುವ ಕಥೆಯೊಳಕ್ಕೆ ತರುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ನಮ್ಮ ಸೀಮೆಯ ತಾಳಮದ್ದಳೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದಿಡಬಯಸುತ್ತೇನೆ.

ತಾಳಮದ್ದಳೆ ಎಂದರೇನೆಂದು ಸಿರಸಿ, ಸಿದ್ದಾಪುರ, ಯಲ್ಲಾಪುರದ ವಾಚಕರಿಗೆ ಹೇಳಬೇಕಾಗಿಲ್ಲ. ಆದರೂ ಬಯಲುಸೀಮೆಯಿಂದ ಬಂದ ಮಿತ್ರರಿಗಾಗಿ ಎರಡು ಮಾತು. ಯಕ್ಷಗಾನದ ಪ್ರಸಂಗವೇ ಇಲ್ಲಿಯೂ ನಡೆಯುವುದು; ಆದರೆ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು ನಡುವೆ ಕುಳಿತು ಪದ್ಯ ಹಾಡುತ್ತಾರೆ. ಮದ್ದಳೆ ಚೆಂಡೆಗಳು ಜೊತೆಗೂಡುತ್ತವೆ. ಅತ್ತ ಇತ್ತ ಕುಳಿತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ತಮ್ಮ ಪಾತ್ರವಾಗಿ ನಿಂತು, ಅಲ್ಲ, ಕುಳಿತು ಹೇಳುತ್ತಾರೆ. ಪದ್ಯ ಮಾತ್ರ ಬರೆದದ್ದು. ಮಾತು ಬರೆದದ್ದಲ್ಲ, ಅದು ಆ ಕ್ಷಣದಲ್ಲಿ ಹುಟ್ಟತಕ್ಕದ್ದು. ಎದುರಿನವನು ಏನು ಕೇಳುತ್ತಾನೆಂಬುದು ಇವನಿಗೆ ಗೊತ್ತಿಲ್ಲ. ಇವನೇನು ಉತ್ತರ ಕೊಡುತ್ತಾನೆಂಬುದು ಅವನಿಗೆ ಗೊತ್ತಿಲ್ಲ. ಕೃಷ್ಣಸಂಧಾನದ ಕೊನೆಗೆ ಯುದ್ಧ ನಿಶ್ಚಯವಾಗುವುದೆಂದು ಮಕ್ಕಳಿಗೂ ಗೊತ್ತು. ಆದರೆ ಕೌರವನು ಇಂದು ಯಾವ ವಾದದಿಂದ ಸಂಧಿಯನ್ನು ತಳ್ಳುವನೆಂಬುದನ್ನು ಕೇಳಲು ಮಳೆಗಾಲದ ರಾತ್ರಿಯಲ್ಲಿಯೂ ಜನ ಕಂಬಳಿಕೊಪ್ಪೆ ಹೊದ್ದು ಬರುತ್ತಿದ್ದರೆಂದು ಹಿರಿಯರು ಹೇಳುತ್ತಾರೆ.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಗೆಳೆಯನೊಬ್ಬನು ರಜೆಯಲ್ಲಿ ಊರಿಗೆ ಬಂದಾಗ ಒಂದು ಆಟದ ವಿಷಯ ಹೇಳಿದನು. 1974ರಲ್ಲಿ ಅಮೇರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬುದು ಅದರ ಹೆಸರು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬನು ಸೂತ್ರಧಾರನಾಗಿ ಕಥೆ ನಡೆಸುತ್ತಾನೆ. ಗೆಲುವು ಸೋಲು ಸಂಶಯದಲ್ಲಿದ್ದಾಗ ದಾಳ ಉರುಳಿಸುತ್ತಾರೆ. ಒಂದೇ ಕಥೆ ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ನಡೆಯುವುದಂತೆ. "ಇದು ನಮ್ಮ ತಾಳಮದ್ದಳೆಯೇ ಅಲ್ಲವೇನೋ?" ಎಂದೆ. ಅವನು ನಕ್ಕು, "ಇರಬಹುದು. ಆದರೆ ನಮ್ಮ ದೊಡ್ಡ ತೊಂದರೆ ಏನು ಗೊತ್ತೇ? ಆಟದ ನಡುವೆ ಹೊಸಬನೊಬ್ಬ ಸೇರಿದರೆ ಅವನನ್ನು ಕಥೆಗೆ ಹೇಗೆ ತರುವುದೆಂದೇ ತಿಳಿಯುವುದಿಲ್ಲ. ಯಾವುದೋ ಸೆರೆಮನೆಯಲ್ಲಿ ಸಿಕ್ಕಿದ, ಯಾವುದೋ ಹೆಂಡದಂಗಡಿಯಲ್ಲಿ ಭೇಟಿಯಾದ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆಮೇಲೆ ಅವನು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾನೆ" ಎಂದನು.

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಮೂಲೆಯಲ್ಲಿ ಸುಮ್ಮನೆ ಕೂತಿರುವವನನ್ನು ನಾನು ಬಲ್ಲೆ. ಅವನು ನಮ್ಮ ಕೂಟಗಳಲ್ಲಿಯೂ ಇದ್ದಾನೆ. ಆದರೆ ಅವನನ್ನು ಎಬ್ಬಿಸುವ ಉಪಾಯವೂ ನಮ್ಮ ಪ್ರಸಂಗಗಳಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಮಹಾಭಾರತ ರಾಮಾಯಣಗಳನ್ನು ನೋಡಿದರೆ, ನಡುವೆ ಬಂದ ಪಾತ್ರಗಳಿಂದಲೇ ಅವು ಬೆಳೆದಿವೆ. ಅವುಗಳಲ್ಲಿ ಮೂರು ಪ್ರವೇಶಗಳನ್ನು ಮಾತ್ರ ಇಲ್ಲಿ ವಿಚಾರ ಮಾಡೋಣ.

ಮೊದಲನೆಯದು ಕರ್ಣನದು. ದ್ರೋಣರ ಶಿಷ್ಯರು ರಂಗಭೂಮಿಯಲ್ಲಿ ತಮ್ಮ ವಿದ್ಯೆಯನ್ನು ತೋರಿಸುತ್ತಿದ್ದಾರೆ. ಅರ್ಜುನನ ಕೌಶಲಕ್ಕೆ ಸಭೆ ಬೆರಗಾಗಿದೆ. ಆಗ ಹೊರಗಿನಿಂದೊಬ್ಬನು ಬಂದು, ಇವನು ಮಾಡಿದ್ದನ್ನೆಲ್ಲ ನಾನೂ ಮಾಡಬಲ್ಲೆ ಎನ್ನುತ್ತಾನೆ, ಮಾಡಿಯೂ ತೋರಿಸುತ್ತಾನೆ. ದ್ವಂದ್ವಕ್ಕೆ ನಿಂತಾಗ ಕೃಪಾಚಾರ್ಯರು ಅವನಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: ನಿನ್ನ ತಾಯಿತಂದೆ ಯಾರು, ಕುಲ ಯಾವುದು? ಕರ್ಣನು ತಲೆ ತಗ್ಗಿಸುತ್ತಾನೆ. ಆ ಕ್ಷಣದಲ್ಲಿ ದುರ್ಯೋಧನನು ಎದ್ದು ಅಂಗರಾಜ್ಯವನ್ನು ಕೊಡುತ್ತಾನೆ. ಮುಂದಿನ ಕಥೆ ಎಲ್ಲರಿಗೂ ಗೊತ್ತು. ಹಸ್ತಿನಾಪುರವು ಹೊಸಬನೊಬ್ಬನನ್ನು ಬರಮಾಡಿಕೊಂಡ ರೀತಿಯೇ ಕುರುಕ್ಷೇತ್ರಕ್ಕೆ ಒಂದು ಕಾರಣವಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಎರಡನೆಯದು ವಿಭೀಷಣನದು. ಸಮುದ್ರತೀರದಲ್ಲಿ ವಾನರಸೇನೆ ಬೀಡುಬಿಟ್ಟಿದೆ. ಶತ್ರುವಿನ ತಮ್ಮನೇ ನಾಲ್ವರು ಸಚಿವರೊಡನೆ ಬಂದು ಆಶ್ರಯ ಕೇಳುತ್ತಾನೆ. ಸುಗ್ರೀವನು ನಂಬುವುದಿಲ್ಲ, ಇವನು ಗೂಢಚಾರನಿರಬಹುದು ಎನ್ನುತ್ತಾನೆ. ಅವನ ಸಂದೇಹ ತಪ್ಪಲ್ಲ. ಯುದ್ಧಕಾಲದಲ್ಲಿ ಅದು ಸಹಜವಾದದ್ದೇ. ಹನುಮಂತನು ಅವನ ಪರವಾಗಿ ಮಾತಾಡುತ್ತಾನೆ. ಎಲ್ಲರ ಮಾತನ್ನೂ ಕೇಳಿದ ಮೇಲೆ ರಾಮನು ಅಭಯ ಕೊಡುತ್ತಾನೆ. ಇಲ್ಲಿ ಕೇಳಿದ ಪ್ರಶ್ನೆ ಬೇರೆ: ಯಾರ ಮಗ ಎಂಬುದು ಎಲ್ಲರಿಗೂ ಗೊತ್ತೇ ಇದೆ, ಏಕೆ ಬಂದೆ ಎಂಬುದೇ ಪ್ರಶ್ನೆ. ಹೀಗೆ ಒಳಗೆ ಬಂದವನೇ ಮುಂದೆ ಇಂದ್ರಜಿತುವಿನ ನಿಕುಂಭಿಳಾ ಯಾಗದ ಗುಟ್ಟನ್ನು ಹೇಳಿ ಲಕ್ಷ್ಮಣನನ್ನು ಅಲ್ಲಿಗೆ ಕರೆದೊಯ್ಯುತ್ತಾನೆ.

ಮೂರನೆಯದು ವಿರಾಟನಗರದ್ದು. ಅಜ್ಞಾತವಾಸಕ್ಕೆಂದು ಪಾಂಡವರು ಒಬ್ಬೊಬ್ಬರಾಗಿ ಬರುತ್ತಾರೆ. ವಿರಾಟನಿಗೆ ಇವರ ನಿಜವಾದ ಹೆಸರು ಗೊತ್ತಾಗುವಂತಿಲ್ಲ. ಆದ್ದರಿಂದ ಅವನು ಕೇಳತಕ್ಕದ್ದು ಒಂದೇ: ನಿನಗೇನು ಬರುತ್ತದೆ? ಜೂಜು ಬಲ್ಲೆನೆಂದ ಕಂಕಭಟ್ಟನಿಗೆ ಓಲಗದಲ್ಲಿ ಸ್ಥಾನ. ಅಡುಗೆ ಬಲ್ಲೆನೆಂದ ವಲಲನಿಗೆ ಪಾಕಶಾಲೆ. ನಾಟ್ಯ ಬಲ್ಲ ಬೃಹನ್ನಳೆಗೆ ಉತ್ತರೆಯ ವಿದ್ಯಾಭ್ಯಾಸ. ಕುದುರೆ ಬಲ್ಲ ನಕುಲನಿಗೆ ಲಾಯ. ದನ ಬಲ್ಲ ಸಹದೇವನಿಗೆ ಗೋವುಗಳು. ಕೀಚಕನ ವಿಷಯದಲ್ಲಿಯೂ ಗೋಗ್ರಹಣದಲ್ಲಿಯೂ ಕಥೆಯನ್ನು ಮುಂದಕ್ಕೆ ನಡೆಸಿದವರು ಹೀಗೆ ಬಂದು ಸೇರಿದ ಈ ಹೊಸಬರೇ.

ಈ ಮೂರು ಪ್ರವೇಶಗಳಿಂದ ತಿಳಿಯುವುದೇನು? ಹೊಸ ಪಾತ್ರ ನಿಲ್ಲುವುದೂ ಬೀಳುವುದೂ ಅವನ ಸಾಮರ್ಥ್ಯದಿಂದ ಮಾತ್ರವಲ್ಲ. ಒಳಗಿದ್ದವರು ಅವನಿಗೆ ಮೊದಲು ಕೇಳುವ ಪ್ರಶ್ನೆಯಿಂದ. 'ಯಾರ ಮಗ?' ಎಂದರೆ ಕಥೆ ಮುಚ್ಚಿಕೊಳ್ಳುತ್ತದೆ. 'ಏಕೆ ಬಂದೆ? ಏನು ಬಲ್ಲೆ?' ಎಂದರೆ ತೆರೆದುಕೊಳ್ಳುತ್ತದೆ.

ಯಕ್ಷಗಾನದ ಹಿರಿಯರು ಇದನ್ನು ಚೆನ್ನಾಗಿ ತಿಳಿದಿದ್ದರೆಂದು ಕಾಣುತ್ತದೆ. ಬಯಲಾಟದಲ್ಲಿ ಪಾತ್ರವು ಒಡ್ಡೋಲಗ ಮುಗಿಸಿ ನಿಂತಾಗ, "ಬಲ್ಲಿರೇನಯ್ಯಾ?" ಎಂದು ಭಾಗವತರನ್ನು ಕೇಳುತ್ತದೆ. ಭಾಗವತರು ಮಾತಿಗೆ ಮಾತು ಕೊಟ್ಟು, ಇದು ಯಾವ ಸ್ಥಳ, ಇಲ್ಲಿ ಯಾರಿದ್ದೀರಿ, ಬಂದ ಕಾರ್ಯವೇನು ಎಂಬುದನ್ನೆಲ್ಲ ಪಾತ್ರದ ಬಾಯಿಂದಲೇ ಹೊರಡಿಸುತ್ತಾರೆ. ತಾಳಮದ್ದಳೆಯಲ್ಲಿ ಈ ಕೆಲಸವನ್ನು 'ಪೀಠಿಕೆ' ಮಾಡುತ್ತದೆ. ಪಾತ್ರವು ತನ್ನ ಮೊದಲ ಮಾತಿನಲ್ಲಿಯೇ ತನ್ನ ಹಿಂದಿನ ಕಥೆಯನ್ನೂ ಈಗಿನ ಮನಃಸ್ಥಿತಿಯನ್ನೂ ಹೇಳಿಕೊಂಡು ಪ್ರಸಂಗದ ಗಂಟಿಗೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಮಹಾ ಅರ್ಥಧಾರಿಗಳ ಪೀಠಿಕೆಯನ್ನು ಧ್ವನಿಮುದ್ರಣದಲ್ಲಿ ಕೇಳಿದವರಿಗೆ ಇದರ ಬೆಲೆ ಗೊತ್ತು. ಪೀಠಿಕೆ ಮುಗಿಯುವಷ್ಟರಲ್ಲಿ, ಈ ಮನುಷ್ಯ ಇಲ್ಲದೆ ಈ ಕಥೆ ಇಷ್ಟು ಹೊತ್ತು ಹೇಗೆ ನಡೆಯಿತೆಂದು ನಮಗನಿಸಬೇಕು.

ಇನ್ನು ನಮ್ಮ ಇಂದಿನ ಕೂಟಗಳ ಮಾತಿಗೆ ಬರೋಣ.

ನಾನು ಕಿರವತ್ತಿಯವನು. ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಊರು. ಸಾಗವಾನಿಯ ಕಾಡು, ಕಟ್ಟಿಗೆಯ ಡಿಪೋ, ಲಾರಿಗಳ ಓಡಾಟ. ಅಡಿಕೆತೋಟದ ಸೀಮೆಯ ಅಂಚು ಅದು. ನಮ್ಮ ಮನೆಯವರು ಎಮ್ಮೆ ಕಾಯುವ ಗೌಳಿಗರು. ಮನೆಯ ಮಾತು ಮರಾಠಿ ಬೆರೆತದ್ದು. ಅಪ್ಪನಿಗೆ ಸಹಿ ಹಾಕಲು ಮಾತ್ರ ಬರುತ್ತದೆ. ಅವ್ವನಿಗೆ ಅದೂ ಇಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪಿ.ಯು.ಸಿ. ಓದುವಾಗ ಗೆಳೆಯನ ಊರಿನಲ್ಲಿ ಮೊದಲ ಬಾರಿಗೆ ತಾಳಮದ್ದಳೆ ಕೇಳಿದೆನು; ಅಂದಿನಿಂದ ಅದರ ಹುಚ್ಚು ಹಿಡಿಯಿತು. ಪ್ರಸಂಗದ ಪುಸ್ತಕ ತಂದು, ಎಮ್ಮೆಗಳ ಹಿಂದೆ ಹೋಗುವಾಗ ಪದ್ಯ ಬಾಯಿಪಾಠ ಮಾಡಿದೆನು. ಒಂದು ಕೂಟದಲ್ಲಿ ಅವಕಾಶವೂ ದೊರೆಯಿತು, ಚಾರಕನ ಪಾತ್ರ. ಸಂತೋಷದಿಂದಲೇ ಹೇಳಿದೆನು. ಮರುವರ್ಷವೂ ಚಾರಕ. ಅದರ ಮರುವರ್ಷವೂ ಚಾರಕ. ಮೂರು ವರ್ಷಗಳಲ್ಲಿ ಎದುರಿನ ಅರ್ಥಧಾರಿ ನನಗೆ ಒಂದು ಪ್ರಶ್ನೆಯನ್ನಾದರೂ ಕೇಳಲಿಲ್ಲ. "ಪ್ರಭೂ, ಯಾರೋ ಬಂದಿದ್ದಾರೆ" ಎನ್ನುತ್ತಿದ್ದೆ, "ಬರಹೇಳು" ಎನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ಕೂಟ ಮುಗಿದ ಮೇಲೆ ಮಾತ್ರ ಪ್ರಶ್ನೆ ಬರುತ್ತಿತ್ತು: "ನೀನು ಯಾರ ಮನೆಯವ ಮಾರಾಯಾ? ನಿನ್ನ ಕನ್ನಡದಲ್ಲಿ ಏನೋ ಒಂದು ಬೇರೆ ರಾಗ ಉಂಟಲ್ಲ!"

ಅವರು ಕೆಟ್ಟ ಮನಸ್ಸಿನಿಂದ ಕೇಳಿದರೆಂದು ನಾನು ಹೇಳಲಾರೆ. ಆದರೆ ಪ್ರಶ್ನೆ ಕೃಪಾಚಾರ್ಯರದೇ ಆಗಿತ್ತು.

ಇದಕ್ಕೆ ಹಿರಿಯರು ಕೊಡುವ ಸಮಾಧಾನವನ್ನೂ ನಾನು ಬಲ್ಲೆ. ಅರ್ಥಗಾರಿಕೆ ಪಾಂಡಿತ್ಯದ ಕಲೆ; ಪುರಾಣಜ್ಞಾನ, ತರ್ಕ, ಭಾಷೆ ಮೂರೂ ಬೇಕು; ಹೊಸಬನಿಗೆ ದೊಡ್ಡ ಪಾತ್ರ ಕೊಟ್ಟರೆ ರಸಭಂಗವಾಗುತ್ತದೆ; ಎಲ್ಲರೂ ಕೆಳಗಿನಿಂದಲೇ ಹತ್ತಬೇಕು ಎನ್ನುತ್ತಾರೆ. ಈ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. ಹಿಂದಿನ ಮೇಳಗಳಲ್ಲಿ ಹುಡುಗನು ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ, ಸಣ್ಣಪುಟ್ಟ ವೇಷಗಳನ್ನು ಮಾಡಿ, ಆಮೇಲೆಯೇ ಮುಖ್ಯ ವೇಷಕ್ಕೆ ಏರುತ್ತಿದ್ದನು. ನಾನು ಆ ಕ್ರಮವನ್ನು ಗೌರವಿಸುತ್ತೇನೆ. ಆದರೆ ಆ ಏಣಿಗೆ ಎರಡನೆಯ ಮೆಟ್ಟಿಲು ಇತ್ತು, ಮೂರನೆಯದೂ ಇತ್ತು. ಒಂದೇ ಮೆಟ್ಟಿಲಿನ ಏಣಿಯನ್ನು ಏಣಿಯೆನ್ನಲಾದೀತೆ? ಅದು ಜಗಲಿ. ಜಗಲಿಯ ಮೇಲೆ ಕುಳಿತವನಿಗೆ ಒಳಮನೆಯ ಮಾತು ಕೇಳಿಸುತ್ತದೆ, ಅಷ್ಟೇ.

ಮತ್ತೊಂದು ಮಾತು. ಸಣ್ಣ ಪಾತ್ರವೆಂಬುದು ಎಲ್ಲಿದೆ? ಅಂಗದಸಂಧಾನದ ಅಂಗದನು ದೂತನೇ. ಕೃಷ್ಣಸಂಧಾನದ ಕೃಷ್ಣನೂ ಆ ದಿನದ ಮಟ್ಟಿಗೆ ದೂತನೇ. ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಎದುರಿನ ರಾವಣನೂ ಕೌರವನೂ ಕೇಳಿದ ಪ್ರಶ್ನೆಗಳು. ನನ್ನ ಚಾರಕನಿಗೂ ಅರಸನು, "ಬಂದವರ ಮುಖದಲ್ಲಿ ಏನು ಕಂಡೆ?" ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಎರಡು ನಿಮಿಷದ ಸಂವಾದ ಆಗುತ್ತಿತ್ತು. ಪ್ರಸಂಗಕ್ಕೆ ನಷ್ಟವೇನಿತ್ತು?

ಹೊಸಬರಿಂದ ಕಲೆ ಕೆಡುವುದೆಂಬ ಭಯಕ್ಕೆ ನಮ್ಮ ಸೀಮೆಯ ಅನುಭವವೇ ಉತ್ತರ ಹೇಳುತ್ತದೆ. ಸಿರಸಿಯ ಕಡೆಯ ಹೊಸ್ತೋಟ ಮಂಜುನಾಥ ಭಾಗವತರು (1940–2020) ಅಂಧರಿಗೂ ಯಕ್ಷಗಾನ ಕಲಿಸಿದರು. ಕಾಣದವನು ಹೇಗೆ ಕುಣಿಯಬಲ್ಲನೆಂದು ಅನುಮಾನಿಸಿದವರೂ ನೋಡಿ ಬೆರಗಾದರು. 1980ರ ದಶಕದಲ್ಲಿ ನಮ್ಮ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಜನರನ್ನು ಕೂಡಿಸಿಕೊಂಡು, ಆಫ್ರಿಕದ ಚಿನುವಾ ಅಚಿಬೆಯವರ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ಮುಂದೆ ಸಿದ್ದಿ ಸಮಾಜದ ತರುಣ ತರುಣಿಯರು ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತು ರಂಗಭೂಮಿಗೂ ಚಲನಚಿತ್ರಕ್ಕೂ ಬಂದರು. ಒಂದು ಕಾಲಕ್ಕೆ ಗಂಡಸರದೇ ಆಗಿದ್ದ ತಾಳಮದ್ದಳೆಯಲ್ಲಿ ಇಂದು ಹೆಂಗಸರ ಕೂಟಗಳು ಅಲ್ಲಲ್ಲಿ ನಡೆಯುತ್ತಿವೆ. ಇವರಾರೂ ಕಥೆಯನ್ನು ಕೆಡಿಸಲಿಲ್ಲ. ಇವರು ಬರುವವರೆಗೆ ಕಥೆಯ ಒಂದು ಭಾಗ ನಮಗೆ ಕೇಳಿಸದೆ ಇತ್ತು.

ಹೀಗೆಂದ ಮಾತ್ರಕ್ಕೆ ಬಂದವನಿಗೆ ಯಾವ ಕಟ್ಟೂ ಬೇಡವೆಂದು ನನ್ನ ವಾದವಲ್ಲ. ಕರೆಯುವವರಿಗೆ ಹೇಗೋ ಬರುವವನಿಗೂ ಹಾಗೆಯೇ ಕೆಲವು ಕರ್ತವ್ಯಗಳಿವೆ. ನನಗೆ ತೋಚಿದ್ದನ್ನು ಹೇಳುತ್ತೇನೆ.

ಒಂದು, ಬರುವವನು ಇಲ್ಲಿಯವರೆಗಿನ ಕಥೆಯನ್ನು ತಿಳಿದಿರತಕ್ಕದ್ದು. ಹಿಂದಿನ ಅರ್ಥಧಾರಿ ಏನು ಹೇಳಿದನೆಂದು ಕೇಳದೆ ತನ್ನ ಬಾಯಿಪಾಠ ಒಪ್ಪಿಸುವವನು ಹೊಸಬನಾದರೂ ಹಳಬನಾದರೂ ಅರ್ಥಧಾರಿಯಲ್ಲ. ಪೀಠಿಕೆ ಚಿಕ್ಕದಿರಲಿ. ತನ್ನ ಜನ್ಮವೃತ್ತಾಂತವನ್ನೆಲ್ಲ ಅರ್ಧ ಗಂಟೆ ಹೇಳಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡೇ ಎತ್ತಿಕೊಳ್ಳುತ್ತಾರೆ, ಎತ್ತಿಕೊಳ್ಳಲೂ ಬೇಕು.

ಎರಡು, ಬಂದವನು ಇತರರು ಇಷ್ಟು ಹೊತ್ತು ಬೆವರು ಸುರಿಸಿ ಕಟ್ಟಿದ್ದನ್ನು ಒಂದೇ ಏಟಿಗೆ ಮುಗಿಸಲು ನೋಡಬಾರದು. ಬರ್ಬರೀಕನ ಕಥೆಯಿದೆಯಲ್ಲ, ಮೂರು ಬಾಣಗಳಿಂದ ಮಹಾಯುದ್ಧವನ್ನೇ ಮುಗಿಸಬಲ್ಲ ವೀರ. ಅಂಥವನು ಕಣಕ್ಕಿಳಿದರೆ ಉಳಿದವರಿಗೆ ಕೆಲಸವೇ ಇಲ್ಲ. ಕೃಷ್ಣನು ಅವನ ತಲೆಯನ್ನೇ ಬೇಡಿ, ಯುದ್ಧವನ್ನು ನೋಡುವ ಭಾಗ್ಯವನ್ನು ಮಾತ್ರ ಕೊಟ್ಟನಂತೆ! ಗೆಳೆಯನ ಆಟದಲ್ಲಿಯೂ ಹೊಸ ಪಾತ್ರಕ್ಕೆ ಅತಿಬಲ ಕೊಟ್ಟು ಆಟ ಕೆಡುವುದುಂಟಂತೆ.

ಮೂರು, ಬರುವವನ ಹೆಸರು ಅವನಿಗಿಂತ ಮುಂಚೆ ಬರಲಿ. ಭೀಷ್ಮರು ಸೇನಾಪತಿಯಾಗಿರುವವರೆಗೆ ಕರ್ಣನು ಯುದ್ಧಕ್ಕಿಳಿಯಲಿಲ್ಲ. ಹತ್ತು ದಿನಗಳ ಕಾಲ ಅವನಿಲ್ಲದ್ದೇ ಒಂದು ಮಾತಾಗಿತ್ತು. ಹನ್ನೊಂದನೆಯ ದಿನ ಅವನು ಬಂದಾಗ ಎರಡೂ ಸೇನೆಗಳು ತಿರುಗಿ ನೋಡಿದವು. ಹಾಗೆಯೇ ಹಳೆಯ ಅರ್ಥಧಾರಿಗಳು ತಮ್ಮ ಮಾತಿನ ನಡುವೆ ಮುಂದೆ ಬರುವ ಪಾತ್ರದ ಪ್ರಸ್ತಾಪ ಮಾಡಿದರೆ, ಹೊಸಬನ ಅರ್ಧ ಕೆಲಸ ಅವನು ಬಾಯಿ ತೆರೆಯುವ ಮೊದಲೇ ಆಗಿರುತ್ತದೆ. ಪ್ರವೇಶವೂ ಸಂಧಿಯಲ್ಲಿಯೇ ಆಗಲಿ; ಒಂದು ವಾದ ಬಿಸಿಯೇರಿದಾಗ ನಡುವೆ ತಂದು ಕೂರಿಸುವುದು ಅವನಿಗೂ ಅನ್ಯಾಯ, ವಾದಕ್ಕೂ ಅನ್ಯಾಯ.

ನಾಲ್ಕು, ಇದೇ ಮುಖ್ಯವಾದದ್ದು, ಎದುರಿನ ಹಿರಿಯ ಅರ್ಥಧಾರಿ ಹೊಸಬನಿಗೆ ಎರಡು ಪ್ರಶ್ನೆಗಳನ್ನಾದರೂ ಕೇಳಲೇಬೇಕು. ಮೊದಲನೆಯದು ಅವನು ಉತ್ತರಿಸಬಲ್ಲದ್ದಾಗಿರಲಿ, ಧೈರ್ಯ ಬರಲಿ. ಎರಡನೆಯದು ಅವನು ಎದುರುನೋಡದ್ದಾಗಿರಲಿ. ಆಗ ಅವನು ತಡವರಿಸಬಹುದು, ತಡವರಿಸಲಿ. ಬಾಯಿಪಾಠ ಮುಗಿದು ನಿಜವಾದ ಅರ್ಥಗಾರಿಕೆ ಹುಟ್ಟುವುದು ಅಲ್ಲಿಯೇ. ಮೇಜಿನ ಆಟದವರು ಅಲ್ಲಿ ದಾಳ ಉರುಳಿಸುತ್ತಾರೆ. ನಮ್ಮಲ್ಲಿ ದಾಳವಿಲ್ಲ, ಎದುರಿಗೆ ಮನುಷ್ಯನಿದ್ದಾನೆ. ಅವನು ಕೈ ನೀಡಲೂ ಬಲ್ಲ.

ಇಷ್ಟನ್ನು ನಮ್ಮ ಕಾಲೇಜಿನ ಮಟ್ಟಿಗಾದರೂ ಮಾಡಿ ನೋಡಬಾರದೇಕೆ? ನನ್ನ ಸಲಹೆ ಸರಳವಾದದ್ದು. ವಾರ್ಷಿಕೋತ್ಸವದ ತಾಳಮದ್ದಳೆಯಲ್ಲಿ ಪ್ರತಿವರ್ಷ ಹಿಂದೆ ಎಂದೂ ಅರ್ಥ ಹೇಳದ ಇಬ್ಬರನ್ನಾದರೂ ಸೇರಿಸಿಕೊಳ್ಳಬೇಕು. ಅವರಿಗೆ ಸಂವಾದವಿರುವ ಪಾತ್ರವನ್ನೇ ಕೊಡಬೇಕು. ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಂಡು, ಪೂರ್ವಾರ್ಧವನ್ನು ಒಬ್ಬರೂ ಉತ್ತರಾರ್ಧವನ್ನು ಇನ್ನೊಬ್ಬರೂ ಹೇಳುವ ಪದ್ಧತಿ ದೊಡ್ಡ ಕೂಟಗಳಲ್ಲಿಯೂ ಇದೆ. ಅದನ್ನೇ ಅನುಸರಿಸಿ, ಅಂತಿಮ ವರ್ಷದವನೊಬ್ಬನು ತನ್ನ ಪಾತ್ರದ ಅರ್ಧವನ್ನು ಮೊದಲ ವರ್ಷದವನಿಗೆ ಬಿಟ್ಟುಕೊಡಬಹುದು. ಹಿರಿಯನು ಎಲ್ಲಿ ನಿಲ್ಲಿಸಿದನೋ ಅಲ್ಲಿಂದ ಕಿರಿಯನು ಎತ್ತಿಕೊಳ್ಳಬೇಕಾಗುವುದರಿಂದ ಕಿವಿಗೊಟ್ಟು ಕೇಳುವುದನ್ನು ಕಲಿಯುತ್ತಾನೆ. ವಿದ್ಯಾರ್ಥಿನಿಯರನ್ನು ಪ್ರಾರ್ಥನೆಗೂ ಸ್ವಾಗತಗೀತಕ್ಕೂ ಮಾತ್ರ ಕರೆಯದೆ ಪಾತ್ರಕ್ಕೂ ಕರೆಯಬೇಕು. ಉಚ್ಚಾರದ ತಪ್ಪನ್ನು ಗುರುಗಳು ಅಭ್ಯಾಸದಲ್ಲಿ ತಿದ್ದಲಿ. ಆದರೆ ಮನೆಮಾತಿನ ರಾಗವನ್ನು ತಪ್ಪೆಂದು ಎಣಿಸದಿರಲಿ. ಮಹಾಭಾರತದಲ್ಲಿ ಕಾಡಿನವರೂ ಬೆಸ್ತರೂ ಸೂತರೂ ಇದ್ದಾರೆ. ಅವರೆಲ್ಲ ಒಂದೇ ರಾಗದಲ್ಲಿ ಮಾತಾಡಿದ್ದರೆಂದು ಯಾರು ಹೇಳಬಲ್ಲರು?

ಈ ಸಂಚಿಕೆ ತಮ್ಮ ಕೈ ಸೇರುವ ಹೊತ್ತಿಗೆ ನಾವು ಅಂತಿಮ ವರ್ಷದವರು ಪರೀಕ್ಷೆ ಮುಗಿಸಿ ಹೊರಟಿರುತ್ತೇವೆ. ಕಾಲೇಜಿನ ಕೂಟದಲ್ಲಿ ಅರ್ಥ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮ ತರಗತಿಯವರೇ. ಆದ್ದರಿಂದ ಬರುವ ವರ್ಷ ಚಾಪೆಯ ಮೇಲೆ ಸ್ಥಳಗಳು ತೆರವಾಗುತ್ತವೆ. ಅಲ್ಲಿ ಕುಳಿತುಕೊಳ್ಳಲು ಹುಡುಗ ಹುಡುಗಿಯರು ಬರುವರೆಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂಡಗೋಡದ ಬಸ್ಸಿನಿಂದ, ಹಳಿಯಾಳದ ಬಸ್ಸಿನಿಂದ, ಸಿದ್ದಿಗಳ ಊರಿನಿಂದ, ಗೌಳಿಗರ ಕೇರಿಯಿಂದ, ತೋಟದ ಮನೆಗಳಿಂದ ಅವರು ಬಂದೇ ಬರುತ್ತಾರೆ. ಆಗ ಉಳಿದಿರುವ ಹಿರಿಯ ವಿದ್ಯಾರ್ಥಿಗಳು ಅವರಿಗೆ ಕೃಪಾಚಾರ್ಯರ ಪ್ರಶ್ನೆಯನ್ನು ಕೇಳದೆ, ವಿರಾಟರಾಯನ ಪ್ರಶ್ನೆಯನ್ನು ಕೇಳಲಿ ಎಂಬುದೇ ನನ್ನ ವಿನಂತಿ. ಭಾಗವತರು ಪದ್ಯ ಎತ್ತಿಕೊಳ್ಳಲಿ, ಮಾತು ಅವರಲ್ಲಿದೆ.